ಮುಳ್ಳಿನ ಪೊದೆಗೆ ದಾರಿ ಬಿಟ್ಟ ಹೆದ್ದಾರಿ

ಗಾಲ್ವೇಯಿಂದ ಲಿಮರಿಕ್ ಕಡೆಗೆ ಎಂ18 ಹೆದ್ದಾರಿಯಲ್ಲಿ ಬಸ್ಸು ಹೋಗುವಾಗ, ಕ್ಲೇರ್ ಕೌಂಟಿಯ ಲಾಟೂನ್ ಎಂಬಲ್ಲಿ ರಸ್ತೆಯ ಪಕ್ಕದಲ್ಲೇ ಒಂದು ಮುಳ್ಳಿನ ಪೊದೆ ಇದೆ. ಸುತ್ತ ಬೇಲಿ. ಕಣ್ಣು ಮಿಟುಕಿಸುವಷ್ಟರಲ್ಲಿ ಹಿಂದೆ ಸರಿದು ಹೋಗುತ್ತದೆ. ಮೊದಲ ಸಲ ನಾನು ನೋಡಲೇ ಇಲ್ಲ. ಎರಡನೇ ಸಲ ಪಕ್ಕದಲ್ಲಿ ಕೂತಿದ್ದ ಸಹಪಾಠಿ ಮೊಣಕೈಯಿಂದ ತಿವಿದು ತೋರಿಸಿದ. ಅವನು ಅದೇ ಕೌಂಟಿಯ ಹುಡುಗ. ‘ನಮ್ಮ ದೇಶದ ಅತ್ಯಂತ ಪ್ರಭಾವಿ ಗಿಡ ಇದು’ ಎಂದ. ನಾನು ಸಿವಿಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಓದಲು ಬಂದವನು. ಹೆದ್ದಾರಿಯ ಅಂಚಿನಲ್ಲಿ ಅಷ್ಟು ಹತ್ತಿರ ಒಂದು ಗಿಡ ಯಾಕೆ ಉಳಿಸಿದರು, ಯಾರ ಒಪ್ಪಿಗೆ ಮೇಲೆ ಉಳಿಸಿದರು ಎಂಬುದೇ ನನ್ನ ತಲೆಯಲ್ಲಿ ಓಡಿದ ಮೊದಲ ಪ್ರಶ್ನೆ.

ಉತ್ತರ ಕೇಳಿದರೆ ನಗು ಬರುತ್ತದೆ. ಅದು ‘ಫೇರಿ’ಗಳ ಗಿಡ. ಮನ್‌ಸ್ಟರ್ ಪ್ರಾಂತ್ಯದ ಫೇರಿಗಳು ಕಾನಕ್ಟ್ ಪ್ರಾಂತ್ಯದ ಫೇರಿಗಳ ಮೇಲೆ ಯುದ್ಧಕ್ಕೆ ಹೊರಟಾಗ ಸೇರುವ ಜಾಗ ಅದಂತೆ. 1999ರಲ್ಲಿ ಅಲ್ಲಿ ರಸ್ತೆ ಯೋಜನೆ ಬಂದಾಗ ಎಡ್ಡಿ ಲೆನಿಹನ್ ಎಂಬ ಕತೆಗಾರ ಪತ್ರಿಕೆಗೆ ಕಾಗದ ಬರೆದರು. ಹಳ್ಳಿಯ ಮುದುಕರಿಂದ ವರ್ಷಗಟ್ಟಲೆ ಕತೆ ಸಂಗ್ರಹಿಸಿದವರು ಅವರು. ಈ ಗಿಡ ಕಡಿದರೆ ಆ ರಸ್ತೆಯಲ್ಲಿ ಅಪಘಾತಗಳಾಗುತ್ತವೆ, ಜವಾಬ್ದಾರಿ ನಿಮ್ಮದು ಎಂದು ಎಚ್ಚರಿಸಿದರು. ದೇಶದ ಪತ್ರಿಕೆಗಳಷ್ಟೇ ಅಲ್ಲ, ವಿದೇಶದ ಪತ್ರಿಕೆಗಳೂ ಸುದ್ದಿ ಮಾಡಿದವು. ಕೊನೆಗೆ ಕೌನ್ಸಿಲ್‌ನ ಎಂಜಿನಿಯರುಗಳು ನಕ್ಷೆ ಹೊಂದಿಸಿಕೊಂಡು ಗಿಡವನ್ನು ಉಳಿಸಿದರು. ಹೆದ್ದಾರಿಯೇನೂ ಮೈಲಿಗಟ್ಟಲೆ ಸುತ್ತು ಹಾಕಲಿಲ್ಲ, ಪತ್ರಿಕೆಗಳು ಬರೆದಷ್ಟು ನಾಟಕೀಯವೂ ಅದಲ್ಲ. ಆದರೆ ಗಿಡ ಉಳಿಯಿತು. 2002ರಲ್ಲಿ ಯಾರೋ ರಾತ್ರೋರಾತ್ರಿ ಯಂತ್ರದ ಗರಗಸ ತಂದು ಕೊಂಬೆಗಳನ್ನೆಲ್ಲ ಕತ್ತರಿಸಿದರು. ಬುಡ ಬದುಕಿತ್ತು, ಮತ್ತೆ ಚಿಗುರಿತು.

ನಾನು ನಕ್ಕೆ. ಬಸ್ಸು ಲಿಮರಿಕ್ ತಲುಪುವ ಹೊತ್ತಿಗೆ ನಗು ನಿಂತಿತ್ತು. ಯಾಕೆ ಎಂದು ಹೇಳಬೇಕಾದರೆ ನಮ್ಮೂರಿನ ಒಂದು ಸಂಗತಿ ಹೇಳಬೇಕು.

ನಾನು ಯಾದಗಿರಿ ಜಿಲ್ಲೆಯವನು. ನಮ್ಮೂರ ಗಾಯರಾಣದ ಅಂಚಿನಲ್ಲಿ ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಮುಚ್ಚಿದ ಕಲ್ಲಿನ ಗೂಡು ಇತ್ತು. ಊರಿನವರು ಅದನ್ನು ಮೋರ್ಯಾರ ಮನಿ ಅನ್ನುತ್ತಿದ್ದರು. ಮೋರ್ಯರು ಅಂದರೆ ಮೊಣಕಾಲೆತ್ತರದ ಜನ, ಆದರೆ ಎಂಥ ಬಂಡೆಯನ್ನೂ ಎತ್ತುವ ಶಕ್ತಿ ಇದ್ದವರು, ಯಾವುದೋ ಕಾಲದಲ್ಲಿ ನಾಶವಾಗಿ ಹೋದರು ಎಂದು ಮುತ್ಯಾ ಹೇಳುತ್ತಿದ್ದ. ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನ ಮೋರ್ಯರ ಗುಡ್ಡ ನೋಡಿದವರಿಗೆ ಇಂಥ ಗೂಡುಗಳು ಗೊತ್ತು. ಅಲ್ಲಿ ನೂರಾರು ಇವೆ. ನಮ್ಮೂರಲ್ಲಿ ಇದ್ದದ್ದು ಒಂದೇ, ಅದೂ ಯಾವ ಇಲಾಖೆಯ ಪಟ್ಟಿಯಲ್ಲೂ ಇಲ್ಲದ್ದು.

ಬಿಇ ಮುಗಿಸಿ ಒಬ್ಬ ಗುತ್ತಿಗೆದಾರರ ಹತ್ತಿರ ಸೈಟ್ ಎಂಜಿನಿಯರ್ ಆಗಿ ಸೇರಿದ ವರ್ಷ, ನಮ್ಮೂರ ರಸ್ತೆಯ ಕೆಲಸವೇ ನನ್ನ ಪಾಲಿಗೆ ಬಂತು. ಸಣ್ಣ ಮೋರಿಯೊಂದಕ್ಕೆ ಚಪ್ಪಡಿ ಬೇಕಿತ್ತು. ‘ಅಲ್ಲೇ ಬಿದ್ದಾವಲ್ರೀ’ ಎಂದು ಮೇಸ್ತ್ರಿ ಗೂಡಿನ ಕಡೆ ಕೈ ತೋರಿಸಿದ. ಜೆಸಿಬಿ ಚಾಲಕ ಮುಟ್ಟಲಾರೆ ಎಂದ. ಎಲ್ಲರೂ ನನ್ನ ಮುಖ ನೋಡಿದರು. ಊರಿನ ಹುಡುಗ, ಓದಿದವನು. ನಾನು, ‘ಕಲ್ಲಂದ್ರ ಕಲ್ಲs, ಎತ್ತು’ ಎಂದೆ. ಚಾಲಕ ಕಾಯಿ ಒಡೆದು, ಊದಿನಕಡ್ಡಿ ಹಚ್ಚಿ, ಎತ್ತಿದ. ಒಂದು ಚಪ್ಪಡಿ ಎತ್ತುವಾಗ ಎರಡಾಯಿತು. ಸಂಜೆ ಮನೆಗೆ ಹೋದಾಗ ಮುತ್ಯಾ ಕಟ್ಟೆಯ ಮೇಲೆ ಕೂತಿದ್ದ. ಮಾತಾಡಲಿಲ್ಲ. ಎರಡು ದಿನ ಮಾತಾಡಲಿಲ್ಲ.

ಇಲ್ಲಿ ಒಂದು ಮಾತು ಸ್ಪಷ್ಟ ಮಾಡಬೇಕು. ಆಮೇಲೆ ನನಗೆ ಏನೂ ಆಗಲಿಲ್ಲ. ಚಾಲಕನಿಗೂ ಏನೂ ಆಗಲಿಲ್ಲ, ಅವನಿಗೆ ಆಮೇಲೆ ಮಗಳು ಹುಟ್ಟಿದಳು, ಚೆನ್ನಾಗಿದ್ದಾನೆ. ನನಗೆ ಮೊದಲ ಯತ್ನದಲ್ಲೇ ವೀಸಾ ಸಿಕ್ಕಿತು. ಮೋರ್ಯರ ಶಾಪವೆಂಬುದು ಇದ್ದರೆ ಅದು ನಮ್ಮ ಮೇಲೆ ಕೆಲಸ ಮಾಡಲಿಲ್ಲ. ಶಾಪ ತಟ್ಟಿದ್ದಿದ್ದರೆ ಒಂದು ಲೆಕ್ಕದಲ್ಲಿ ಸುಲಭವಿತ್ತು, ಶಿಕ್ಷೆ ಅನುಭವಿಸಿದೆ ಎಂದು ಸುಮ್ಮನಿರಬಹುದಿತ್ತು.

ಐರ್ಲೆಂಡಿಗೆ ಬಂದ ಮೇಲೆ ಇಲ್ಲಿಯ ಜನ ಇಂಥವುಗಳ ಜೊತೆ ಹೇಗೆ ಬದುಕುತ್ತಾರೆ ಎಂದು ನೋಡುವ ಚಟ ಹತ್ತಿತು. ಈ ದೇಶದಲ್ಲಿ ಹೊಲಗಳ ನಡುವೆ ವೃತ್ತಾಕಾರದ ಮಣ್ಣಿನ ದಿಬ್ಬಗಳು ಕಾಣುತ್ತವೆ, ಸುತ್ತ ಕಂದಕ, ಮೇಲೆ ಮುಳ್ಳುಗಿಡಗಳು. ಊರಿನವರು ಇವನ್ನು ಫೇರಿ ಫೋರ್ಟ್ ಅನ್ನುತ್ತಾರೆ, ಫೇರಿಗಳ ಕೋಟೆ. ಪುರಾತತ್ವದವರ ಲೆಕ್ಕದಲ್ಲಿ ಇವು ‘ರಿಂಗ್ ಫೋರ್ಟ್’. ಹೆಚ್ಚಿನವು ಕ್ರಿ.ಶ. 500ರಿಂದ 1000ದ ಒಳಗೆ ಕಟ್ಟಿದವು. ಫೇರಿಯೂ ಇಲ್ಲ, ಕೋಟೆಯೂ ಅಲ್ಲ, ದನಕರು ಸಾಕಿಕೊಂಡಿದ್ದ ರೈತ ಕುಟುಂಬಗಳ ಮನೆಯಂಗಳಗಳು. ದೇಶದಲ್ಲಿ ದಾಖಲಾದವೇ ಸುಮಾರು 45,000. ಡಬ್ಲಿನ್‌ನಲ್ಲಿ ನಮ್ಮ ಹುಡುಗರು ಬಾಡಿಗೆ ಮನೆ ಹುಡುಕಿಕೊಂಡು ಅಲೆಯುವ ರಾತ್‌ಮೈನ್ಸ್ ಇದೆಯಲ್ಲ, ಅದರ ‘ರಾತ್’ ಎಂದರೆ ಇದೇ ದಿಬ್ಬ. ‘ಲಿಸ್’ ಎಂದು ಶುರುವಾಗುವ ಊರುಗಳೂ ಹಾಗೆಯೇ.

ಸಾವಿರ ವರ್ಷ ಹಳೆಯ ಮಣ್ಣಿನ ದಿಬ್ಬ, ಅದೂ ಉಳುವ ಹೊಲದ ನಡುವೆ, ಇಷ್ಟೊಂದು ಸಂಖ್ಯೆಯಲ್ಲಿ ಹೇಗೆ ಉಳಿಯಿತು? ಯಾವ ಸರ್ಕಾರವೂ ಕಾವಲು ಹಾಕಿರಲಿಲ್ಲ. ಸ್ವತಂತ್ರ ಐರ್ಲೆಂಡಿನ ಸ್ಮಾರಕ ರಕ್ಷಣೆಯ ಕಾಯ್ದೆ ಬಂದದ್ದೇ 1930ರಲ್ಲಿ. ಅದಕ್ಕೂ ಮುಂಚೆ ಕಾದದ್ದು ಭಯ. ದಿಬ್ಬದ ಗಿಡ ಕಡಿದವನ ಕೈ ಊದಿಕೊಂಡಿತು, ಮಣ್ಣು ಅಗೆದವನ ಹಸು ಸತ್ತಿತು, ರಾತ್ರಿ ಅದರ ಮೇಲೆ ನಡೆದವನಿಗೆ ಬೆಳಗಿನವರೆಗೂ ಹೊಲದ ಗೇಟು ಸಿಗಲಿಲ್ಲ ಎಂಬಂಥ ಕತೆಗಳು. ಫೇರಿ ಎಂದು ಹೆಸರು ಹಿಡಿದು ಕರೆಯಲೂ ಹೆದರಿ ‘ಒಳ್ಳೆಯ ಜನ’ ಎನ್ನುತ್ತಿದ್ದರು. ನಮ್ಮಲ್ಲಿ ರಾತ್ರಿ ಹೊತ್ತು ಹಾವಿಗೆ ‘ಹುಳ’ ಅನ್ನುವುದಿಲ್ಲವೇ, ಹಾಗೆ. ದೊಡ್ಡ ಯಂತ್ರಗಳು ಬಂದು, ಹೊಲ ದೊಡ್ಡದು ಮಾಡುವ ಆಸೆ ಹೆಚ್ಚಿ, ಭಯ ಕಡಿಮೆಯಾದ ಮೇಲೆ ಎಷ್ಟೋ ದಿಬ್ಬಗಳು ನೆಲಸಮವಾದವು. 2012ರಲ್ಲಿ ಕೆರ್ರಿ ಕೌಂಟಿಯಲ್ಲಿ ಇಂಥದೊಂದನ್ನು ಕೆಡವಿದವರಿಗೆ ನ್ಯಾಯಾಲಯ 25,000 ಯೂರೊ ದಂಡ ಹಾಕಿತು. ಕತೆ ಮಾಡುತ್ತಿದ್ದ ಕೆಲಸವನ್ನು ಈಗ ಕೋರ್ಟು ಮಾಡಬೇಕಾಗಿದೆ, ಅದೂ ಕೆಡವಿದ ಮೇಲೆ.

ಇಷ್ಟು ಬರೆದು ನಿಲ್ಲಿಸಿದರೆ ‘ಹಿರಿಯರ ನಂಬಿಕೆಗಳ ಹಿಂದೆ ವಿಜ್ಞಾನವಿದೆ’ ಎಂಬ ವಾಟ್ಸ್‌ಆ್ಯಪ್ ಸಂದೇಶದ ಸಾಲಿಗೆ ಇದೂ ಸೇರುತ್ತದೆ. ನನಗೆ ಆ ಸಾಲು ಬೇಡ. ಯಾಕೆಂದರೆ ಇದೇ ಫೇರಿ ಕತೆ ಒಬ್ಬ ಹೆಣ್ಣುಮಗಳನ್ನು ಸುಟ್ಟಿದೆ.

ಬ್ರಿಜೆಟ್ ಕ್ಲಿಯರಿ ಟಿಪ್ಪರರಿ ಕೌಂಟಿಯ ಬ್ಯಾಲಿವಾಡ್ಲಿ ಎಂಬ ಸಣ್ಣ ಊರಿನವಳು. 26 ವರ್ಷ. ಬಟ್ಟೆ ಹೊಲಿಯುತ್ತಿದ್ದಳು, ಮನೆಯಲ್ಲಿ ಸ್ವಂತ ಹೊಲಿಗೆ ಯಂತ್ರವಿತ್ತು, ಕೋಳಿ ಸಾಕಿ ಮೊಟ್ಟೆ ಮಾರುತ್ತಿದ್ದಳು. ತನ್ನ ದುಡಿಮೆಯ ಹಣ ತನ್ನ ಕೈಯಲ್ಲಿದ್ದವಳು. 1895ರ ಮಾರ್ಚಿನಲ್ಲಿ ಮೊಟ್ಟೆ ಕೊಡಲು ಹೋಗಿ ಬಂದವಳಿಗೆ ಚಳಿ, ಜ್ವರ, ತಲೆನೋವು. ಅವಳು ಹೋಗಿದ್ದ ಕಡೆ ಒಂದು ಫೇರಿ ದಿಬ್ಬವಿತ್ತು. ಗಂಡ ಮೈಕೆಲ್, ಪೀಪಾಯಿ ಮಾಡುವ ಕಸುಬಿನವನು. ಮಂಚದ ಮೇಲೆ ಮಲಗಿದವಳು ತನ್ನ ಹೆಂಡತಿಯಲ್ಲ, ಫೇರಿಗಳು ಅವಳನ್ನು ಒಯ್ದು ಬೇರೊಂದನ್ನು ಇಟ್ಟು ಹೋಗಿದ್ದಾರೆ ಎಂದು ಅವನು ನಂಬಿದ. ನಾಟಿ ಗಿಡಮೂಲಿಕೆಯನ್ನು ಹಾಲಿನಲ್ಲಿ ಕುದಿಸಿ ಬಲವಂತವಾಗಿ ಬಾಯಿಗೆ ಹಾಕಿದರು. ದೇವರ ಹೆಸರಿನಲ್ಲಿ ‘ನೀನು ಬ್ರಿಜೆಟ್ಟೇ ಹೌದಾ’ ಎಂದು ಮತ್ತೆ ಮತ್ತೆ ಕೇಳಿದರು. ಮನೆ ತುಂಬ ಜನರಿದ್ದರು, ಅವಳ ಸ್ವಂತ ತಂದೆಯೂ ಇದ್ದ, ಬಂಧುಗಳಿದ್ದರು. ಮಾರ್ಚ್ 15ರ ರಾತ್ರಿ ಗಂಡ ಅವಳಿಗೆ ಬೆಂಕಿ ಹಚ್ಚಿದ. ಆಮೇಲೆ, ನಿಜವಾದ ಹೆಂಡತಿ ಬಿಳಿ ಕುದುರೆ ಏರಿ ಬರುತ್ತಾಳೆಂದು ಆ ದಿಬ್ಬದ ಹತ್ತಿರ ರಾತ್ರಿ ಕಾದ. ಒಂದು ವಾರದ ನಂತರ ಪೊಲೀಸರಿಗೆ ಹೂತಿಟ್ಟ ದೇಹ ಸಿಕ್ಕಿತು. ನ್ಯಾಯಾಲಯ ಅವನಿಗೆ ಕೊಟ್ಟದ್ದು ನರಹತ್ಯೆಗೆ 20 ವರ್ಷದ ಶಿಕ್ಷೆ. 15 ವರ್ಷಕ್ಕೆ ಹೊರಬಂದ.

ಏಂಜೆಲಾ ಬರ್ಕ್ ಎಂಬ ಐರಿಷ್ ವಿದ್ವಾಂಸೆ ಈ ಪ್ರಕರಣದ ಬಗ್ಗೆ ಒಂದು ಇಡೀ ಪುಸ್ತಕ ಬರೆದಿದ್ದಾರೆ. ಅದು ಹೊರಬಂದದ್ದು 1999ರಲ್ಲಿ, ಲಾಟೂನಿನ ಪೊದೆ ಸುದ್ದಿಯಾದ ವರ್ಷವೇ. ಕಾಲೇಜಿನ ಗ್ರಂಥಾಲಯದಲ್ಲಿ ಅದನ್ನು ಓದಿದ ವಾರ ನನಗೆ ಫೇರಿ ಎಂಬ ಪದ ಕೇಳಿದರೆ ನಗುವೂ ಬರಲಿಲ್ಲ, ಪ್ರೀತಿಯೂ ಬರಲಿಲ್ಲ. ಮೈಮೇಲೆ ಬಂದಿದೆ, ಗಾಳಿ ಸೋಕಿದೆ ಎಂದು ಹೆಣ್ಣುಮಕ್ಕಳಿಗೆ ಬೇವಿನ ಬರಲಿನಲ್ಲಿ ಹೊಡೆಯುವುದನ್ನು ನೋಡಿದ ನಮಗೆ ಬ್ರಿಜೆಟ್‌ಳ ಕತೆ ದೂರದ್ದಲ್ಲ. ಜಾನಪದವನ್ನು ಹೊಗಳುವವರು ಈ ಹೆಸರನ್ನು ಪಕ್ಕಕ್ಕಿಟ್ಟು ಹೊಗಳಬಾರದು. ನಾನು ಹೊಗಳುತ್ತಿರುವುದೂ ನಂಬಿಕೆಯನ್ನಲ್ಲ.

ಇನ್ನೊಂದು ಬಗೆಯ ದುರುಪಯೋಗವೂ ಇದೆ, ಇದು ಅಷ್ಟು ಭೀಕರವಲ್ಲ, ಸೋಮಾರಿತನ ಅಷ್ಟೆ. 2017ರಲ್ಲಿ ಕೆರ್ರಿಯ ಸಂಸದ ಡ್ಯಾನಿ ಹೀಲಿ-ರೇ ಒಂದು ಹೆದ್ದಾರಿಯಲ್ಲಿ ಮತ್ತೆ ಮತ್ತೆ ತಗ್ಗು ಬೀಳುವುದಕ್ಕೆ ಹತ್ತಿರದ ಫೇರಿ ದಿಬ್ಬಗಳೇ ಕಾರಣ ಎಂದರು. ಅಧಿಕಾರಿಗಳು ಕೆಳಮಣ್ಣಿನ ಸಮಸ್ಯೆ ಎಂದರು. ಮಣ್ಣಿನ ಪರೀಕ್ಷೆ ನನ್ನ ವಿಷಯ, ನನ್ನ ಓಟು ಅಧಿಕಾರಿಗಳಿಗೆ. ಹಾಗೆಯೇ ಒಂದು ಕಾಲಕ್ಕೆ ಐರ್ಲೆಂಡಿನ ಅತಿ ಶ್ರೀಮಂತರೆನಿಸಿದ್ದ ಉದ್ಯಮಿಯೊಬ್ಬರ ಕಂಪನಿ 1992ರಲ್ಲಿ ಕ್ವಾರಿ ವಿಸ್ತರಿಸಲು ಕ್ಯಾವನ್ ಕೌಂಟಿಯ ಒಂದು ಪುರಾತನ ಕಲ್ಲುಗೋರಿಯನ್ನು ಬಿಚ್ಚಿ ಹೋಟೆಲ್ ಆವರಣಕ್ಕೆ ಸಾಗಿಸಿತು. 2012ರಲ್ಲಿ ಅವರು ದಿವಾಳಿಯಾದಾಗ, ಗೋರಿ ಕದಲಿಸಿದ್ದಕ್ಕೇ ಹೀಗಾಯಿತು ಎಂದು ಜನ ಆಡಿಕೊಂಡರು. ನಿಜವಾಗಿ ಅವರನ್ನು ಮುಳುಗಿಸಿದ್ದು ಒಂದು ಬ್ಯಾಂಕಿನ ಷೇರುಗಳ ಮೇಲೆ ಕಟ್ಟಿದ ಭಾರೀ ಬಾಜಿ. ಬ್ಯಾಂಕೂ ಮುಳುಗಿತು, ದೇಶದ ಜನ ತೆರಿಗೆ ಕಟ್ಟಿ ಅದರ ಸಾಲ ತೀರಿಸಿದರು. ಎಲ್ಲವನ್ನೂ ಗೋರಿಯ ಶಾಪದ ಲೆಕ್ಕಕ್ಕೆ ಬರೆದರೆ ಬ್ಯಾಂಕಿನವರನ್ನು ಯಾರೂ ಪ್ರಶ್ನಿಸಬೇಕಾಗಿಲ್ಲ. ಶಾಪದ ಕತೆ ಕೆಲವೊಮ್ಮೆ ಬಹಳ ಅನುಕೂಲದ ಕತೆ.

ಹಾಗಾದರೆ ನಾನು ಯಾವುದರ ಪರ? ನ್ಯೂಗ್ರೇಂಜ್‌ನ ವಿಷಯ ಹೇಳಿದರೆ ಅರ್ಥವಾಗಬಹುದು.

ಡಬ್ಲಿನ್‌ನಿಂದ ಉತ್ತರಕ್ಕೆ, ಬಾಯ್ನ್ ನದಿಯ ತಿರುವಿನಲ್ಲಿ ಒಂದು ದೊಡ್ಡ ದಿಬ್ಬವಿದೆ. ಸುಮಾರು 5,200 ವರ್ಷ ಹಳೆಯದು, ಗೀಜಾದ ಪಿರಮಿಡ್ಡುಗಳಿಗಿಂತ ಮೊದಲಿನದು. ಒಳಗೆ 19 ಮೀಟರ್ ಉದ್ದದ ಕಲ್ಲಿನ ಓಣಿ, ಕೊನೆಯಲ್ಲಿ ಒಂದು ಕೋಣೆ. 1699ರಲ್ಲಿ ಜಮೀನುದಾರನೊಬ್ಬ ರಸ್ತೆಗೆ ಕಲ್ಲು ತೆಗೆಸಲು ಹೋದಾಗ ಬಾಗಿಲು ಸಿಕ್ಕಿತು. ಅವನ ಕೆಲಸಗಾರರಿಗೂ ನನಗೂ ವ್ಯತ್ಯಾಸವಿಲ್ಲ, ಅವರೂ ಕಲ್ಲಿಗಾಗಿಯೇ ಬಂದವರು. ಆದರೆ ಅವರು ನಿಂತು ನೋಡಿದರು. ಹಳೆಯ ಕತೆಗಳಲ್ಲಿ ಇದು ದಾಗ್ದಾ ಎಂಬ ದೇವತೆಯ ಅರಮನೆ. ಅವನ ಮಗ ಎಂಗಸ್ ‘ಹಗಲು ರಾತ್ರಿ ಇದ್ದು ಹೋಗುತ್ತೇನೆ’ ಎಂದು ಕೇಳಿ ಪಡೆದು, ಆಮೇಲೆ ‘ಕಾಲವೆಲ್ಲ ಹಗಲು ರಾತ್ರಿಗಳೇ ತಾನೆ’ ಎಂದು ಬಿಡದೇ ಉಳಿದನಂತೆ. ಬಾಡಿಗೆದಾರರ ಬುದ್ಧಿ ಅಂದಿನಿಂದಲೂ ಇದೆ! ಅದೇ ಎಂಗಸ್ ಹುಟ್ಟಿದ ಕತೆಯಲ್ಲಿ, ಒಂಬತ್ತು ತಿಂಗಳು ಒಂದೇ ದಿನದಂತೆ ಕಳೆಯಲಿ ಎಂದು ದಾಗ್ದಾ ಸೂರ್ಯನನ್ನು ನಿಲ್ಲಿಸುತ್ತಾನೆ.

1962ರಿಂದ ಅಲ್ಲಿ ಉತ್ಖನನ ಮಾಡಿದ ಮೈಕೆಲ್ ಓ’ಕೆಲ್ಲಿ ಎಂಬ ಪ್ರಾಧ್ಯಾಪಕರಿಗೆ ನೋಡಲು ಬಂದ ಜನ ಒಂದು ಮಾತು ಹೇಳುತ್ತಿದ್ದರು. ವರ್ಷದ ಯಾವುದೋ ಒಂದು ದಿನ ಹುಟ್ಟುವ ಸೂರ್ಯನ ಬೆಳಕು ಒಳಗಿನ ಸುರುಳಿ ಕೆತ್ತನೆಯ ಕಲ್ಲಿಗೆ ಬೀಳುತ್ತದೆ ಎಂದು. ನೋಡಿದವರು ಯಾರೂ ಸಿಗಲಿಲ್ಲ, ಹೇಳುವವರು ಮಾತ್ರ ಸಿಕ್ಕರು. ಇಂಗ್ಲೆಂಡಿನ ಸ್ಟೋನ್‌ಹೆಂಜ್ ಬಗ್ಗೆ ಕೇಳಿದ್ದನ್ನು ಇಲ್ಲಿಗೆ ತಂದು ಕಲಸಿದ್ದಾರೆ ಎಂದು ಓ’ಕೆಲ್ಲಿ ಮೊದಲು ಅಂದುಕೊಂಡರು. ಯಾವ ವಿದ್ವಾಂಸರಾದರೂ ಹಾಗೆಯೇ ಅಂದುಕೊಳ್ಳುತ್ತಾರೆ. ಆದರೆ ಅವರು ಅಲ್ಲಿಗೇ ಬಿಡಲಿಲ್ಲ. ಓಣಿ ಮುಖ ಮಾಡಿದ ದಿಕ್ಕು ನೋಡಿದರು. ಆಗ್ನೇಯ. ಬೇಸಿಗೆಯ ಸೂರ್ಯ ಅಲ್ಲಿ ಹುಟ್ಟುವುದಿಲ್ಲ, ಚಳಿಗಾಲದ ಸೂರ್ಯ ಹುಟ್ಟುತ್ತಾನೆ. 1967ರ ಡಿಸೆಂಬರ್ 21ರ ಬೆಳಗಿನ ಜಾವ, ವರ್ಷದ ಅತಿ ಚಿಕ್ಕ ಹಗಲಿನ ದಿನ, ಹೋಗಿ ಒಳಗಿನ ಕತ್ತಲಲ್ಲಿ ನಿಂತರು. ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ ಬಾಗಿಲ ಮೇಲಿನ ಕಲ್ಲಿನ ಕಿಂಡಿಯಿಂದ ತೆಳುವಾದ ಒಂದು ಬೆಳಕಿನ ಗೆರೆ ಓಣಿಯ ನೆಲದ ಮೇಲೆ ಹರಿದು ಬಂದು ಕೋಣೆಯನ್ನು ಬೆಳಗಿತು. 17 ನಿಮಿಷ ಇದ್ದು ಹೋಯಿತು. ಈಗ ಆ ಬೆಳಗನ್ನು ಒಳಗೆ ನಿಂತು ನೋಡಲು ಲಾಟರಿ ಎತ್ತುತ್ತಾರೆ. ನಾನೂ ಅರ್ಜಿ ಹಾಕಿದ್ದೆ, ಬರಲಿಲ್ಲ.

ಓ’ಕೆಲ್ಲಿ ಆ ಮಾತನ್ನು ನಂಬಲಿಲ್ಲ. ಹಾಗೆಂದು ತಳ್ಳಿಯೂ ಹಾಕಲಿಲ್ಲ. ದಿಕ್ಸೂಚಿ ಹಿಡಿದು ಪರೀಕ್ಷಿಸಿದರು. ನಂಬುವವರು ಕೈಮುಗಿದು ಹೋಗುತ್ತಾರೆ, ನನ್ನಂಥವರು ನಕ್ಕು ಜೆಸಿಬಿ ತರಿಸುತ್ತಾರೆ. ಕೇಳಿಸಿಕೊಂಡು, ಬರೆದುಕೊಂಡು, ಹೋಗಿ ನೋಡುವವರು ಈ ಎರಡೂ ಗುಂಪಿನವರಲ್ಲ. ಎಂಜಿನಿಯರಿಂಗ್ ಕಾಲೇಜುಗಳು ತಯಾರಿಸಬೇಕಾದದ್ದು ಇವರನ್ನು. ನಾಲ್ಕು ವರ್ಷದ ಬಿಇಯಲ್ಲಿ ಸರ್ವೇಯಿಂಗ್ ಎಂಬ ವಿಷಯ ಓದಿದೆ, ಒಳ್ಳೆಯ ಅಂಕವೂ ಬಂತು. ನೆಲ ಅಳೆಯುವ ಮುಂಚೆ ಆ ನೆಲದವರನ್ನು ‘ಇದರ ಹೆಸರೇನು, ಯಾಕೆ ಆ ಹೆಸರು’ ಎಂದು ಕೇಳಬೇಕೆಂದು ಯಾವ ಮೇಷ್ಟ್ರೂ ಹೇಳಲಿಲ್ಲ. ಐರ್ಲೆಂಡಿನಲ್ಲಿ 1830ರ ದಶಕದ ಆರ್ಡನೆನ್ಸ್ ಸರ್ವೆಯ ಕಾಲಕ್ಕೇ ಜಾನ್ ಓ’ಡೊನೊವನ್ ಎಂಬ ಪಂಡಿತರನ್ನು ಅದಕ್ಕೆಂದೇ ನೇಮಿಸಿ ಊರೂರು ನಡೆಸಿದ್ದರು. ಅವರು ಅಲ್ಲಿಂದ ಬರೆದು ಕಳಿಸಿದ ಕಾಗದಗಳು ಇವತ್ತಿಗೂ ಆಕರ. ಆ ಸರ್ವೆ ನಡೆಸಿದ್ದು ಬ್ರಿಟಿಷರು, ತೆರಿಗೆಯ ಲೆಕ್ಕಕ್ಕೆ. ಆದರೂ ಆ ನಕ್ಷೆಗಳಲ್ಲಿ ಹೊಲದ ನಡುವಿನ ದಿಬ್ಬಗಳು ಗುರುತಾಗಿವೆ. ಆಮೇಲೆ ಅಳಿಸಿಹೋದವುಗಳೂ ಅಲ್ಲಿ ಕಾಣುತ್ತವೆ.

ಅದಕ್ಕಿಂತ ನನಗೆ ಇಷ್ಟವಾದದ್ದು 1937ರಿಂದ 1939ರವರೆಗೆ ನಡೆದ ಒಂದು ಕೆಲಸ. ಸ್ವತಂತ್ರವಾಗಿ ಇನ್ನೂ ಎರಡು ದಶಕವೂ ಆಗದ ಬಡ ದೇಶ. ಅಲ್ಲಿಯ ಜಾನಪದ ಆಯೋಗ ದೇಶದ ಪ್ರಾಥಮಿಕ ಶಾಲೆಗಳ ದೊಡ್ಡ ತರಗತಿಯ ಮಕ್ಕಳಿಗೆ ಒಂದು ಕೆಲಸ ಕೊಟ್ಟಿತು. ಮನೆಗೆ ಹೋಗಿ, ಅಜ್ಜ ಅಜ್ಜಿಯರನ್ನು, ನೆರೆಯವರನ್ನು ಕೇಳಿ, ಬರೆದು ತನ್ನಿ. ನಿಮ್ಮೂರ ಪಾಳು ಗೋಡೆಗಳ ಕತೆ ಏನು, ಹೂತಿಟ್ಟ ನಿಧಿಯ ಕತೆ ಇದೆಯೇ, ಫೇರಿ ದಿಬ್ಬ ಎಲ್ಲಿದೆ, ಕಮ್ಮಾರನ ಕುಲುಮೆ ಎಲ್ಲಿತ್ತು, ಬರಗಾಲದಲ್ಲಿ ಏನಾಯಿತು. ಸುಮಾರು 5,000 ಶಾಲೆಗಳ ಸುಮಾರು 50,000 ಮಕ್ಕಳು ಬರೆದರು. ಮೇಷ್ಟ್ರುಗಳು ಪ್ರಬಂಧದ ಪೀರಿಯಡ್ಡನ್ನೇ ಇದಕ್ಕೆ ಬಿಟ್ಟುಕೊಟ್ಟರು. ಯಾರು ಹೇಳಿದರು, ಅವರ ವಯಸ್ಸೆಷ್ಟು, ಯಾವ ಊರು ಎಂಬುದನ್ನೂ ಮಕ್ಕಳು ಬರೆದಿದ್ದಾರೆ. ಡಬ್ಲಿನ್‌ನ ವಿಶ್ವವಿದ್ಯಾಲಯದಲ್ಲಿ ಆ ಸಂಗ್ರಹ ಭದ್ರವಾಗಿದೆ. ಈಗ ಅಂತರ್ಜಾಲದಲ್ಲೂ ಸಿಗುತ್ತದೆ, ಆ ಮಕ್ಕಳ ಕೈಬರಹವನ್ನು ಓದಿ ಟೈಪ್ ಮಾಡಿಕೊಡುವ ಸ್ವಯಂಸೇವಕರಿದ್ದಾರೆ. ಕೆಲಸ ಸಿಗದ ಎರಡು ತಿಂಗಳಲ್ಲಿ ನಾನೂ ಸ್ವಲ್ಪ ಮಾಡಿದೆ. ಹನ್ನೆರಡು ವರ್ಷದ ಮಕ್ಕಳ ದುಂಡಗಿನ ಅಕ್ಷರ, ಅಲ್ಲಲ್ಲಿ ಶಾಯಿಯ ಕಲೆ. ಓದುತ್ತ ಓದುತ್ತ ಒಂದು ವಿಷಯ ಹೊಳೆಯಿತು, ಈ ಮಕ್ಕಳು ‘ನಾವು ನಂಬುತ್ತೇವೆ’ ಎಂದು ಎಲ್ಲೂ ಬರೆಯುತ್ತಿಲ್ಲ, ‘ನಮ್ಮ ಅಜ್ಜ ಹೇಳಿದ’ ಎಂದು ಬರೆಯುತ್ತಿದ್ದಾರೆ. ಹೇಳಿದವನ ಹೆಸರು ಹಾಕಿ ಬರೆದಿಡುವುದಕ್ಕೆ ನಂಬಿಕೆ ಬೇಕಾಗಿಲ್ಲ. ಆಯೋಗದ ಒಟ್ಟು ಸಂಗ್ರಹವನ್ನು 2017ರಲ್ಲಿ ಯುನೆಸ್ಕೊ ತನ್ನ ‘ಜಗತ್ತಿನ ನೆನಪು’ ಪಟ್ಟಿಗೆ ಸೇರಿಸಿಕೊಂಡಿತು.

ನಮ್ಮಲ್ಲಿ ಇಂಥ ಪ್ರಯತ್ನಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ, ಜಾನಪದಕ್ಕೆಂದೇ ವಿಶ್ವವಿದ್ಯಾಲಯ ಇರುವ ರಾಜ್ಯ ನಮ್ಮದು. ಆದರೆ ನಾನು ಓದಿದ ಶಾಲೆಯಲ್ಲಿ, ಕಾಲೇಜಿನಲ್ಲಿ, ಯಾರೂ ಒಂದು ದಿನವೂ ‘ನಿಮ್ಮೂರ ಕಲ್ಲಿನ ಕತೆ ಬರೆದುಕೊಂಡು ಬಾ’ ಎನ್ನಲಿಲ್ಲ. ಸ್ಪರ್ಧಾತ್ಮಕ ಪರೀಕ್ಷೆಗೆ ಹಿರೇಬೆಣಕಲ್ ಯಾವ ಜಿಲ್ಲೆಯಲ್ಲಿದೆ ಎಂದು ಬಾಯಿಪಾಠ ಮಾಡಿದ್ದೆ. ನಮ್ಮೂರಿನ ಗೂಡೂ ಅದೇ ಜಾತಿಯದು ಎಂದು ತಲೆಗೆ ಹೋಗಲಿಲ್ಲ.

ಕತೆಗೆ ಅತಿಯಾದ ಶಕ್ತಿ ಇದೆ ಎಂಬ ಭ್ರಮೆಯೂ ಬೇಡ. ತಾರಾ ಬೆಟ್ಟವನ್ನು ನೋಡಿ. ಐರ್ಲೆಂಡಿನ ರಾಜರ ಪಟ್ಟದ ಬೆಟ್ಟ, ಅಲ್ಲಿಯ ‘ಲಿಯಾ ಫಾಲ್’ ಎಂಬ ಕಲ್ಲು ಸರಿಯಾದ ರಾಜ ಬಂದು ಮುಟ್ಟಿದರೆ ಗರ್ಜಿಸುತ್ತದೆ ಎಂಬ ಕತೆ. ಲಾಟೂನಿನ ಪೊದೆಗಿಂತ ನೂರು ಪಾಲು ಹೆಸರಿರುವ ಜಾಗ. ಅದರ ಪಕ್ಕದ ಕಣಿವೆಯಲ್ಲಿ ಎಂ3 ಹೆದ್ದಾರಿ ಬೇಡವೆಂದು ವರ್ಷಗಟ್ಟಲೆ ಹೋರಾಟ ನಡೆಯಿತು. 2007ರಲ್ಲಿ ಕೆಲಸದ ನಡುವೆ ಲಿಸ್ಮಲಿನ್ ಎಂಬಲ್ಲಿ ಮರದ ಕಂಬಗಳಿಂದ ಕಟ್ಟಿದ್ದ ದೊಡ್ಡ ವೃತ್ತದ ಕುರುಹೇ ಸಿಕ್ಕಿತು. ಅಗೆದು, ದಾಖಲಿಸಿ, ಅದರ ಮೇಲೆಯೇ ರಸ್ತೆ ಹಾಕಿದರು. 2010ರಲ್ಲಿ ಹೆದ್ದಾರಿ ತೆರೆಯಿತು. ಕಲ್ಲು ಗರ್ಜಿಸಲಿಲ್ಲ. ಗಿಡ ಉಳಿಸಲು ನಕ್ಷೆಯಲ್ಲಿ ಕೆಲವು ಮೀಟರ್ ಸಾಕಿತ್ತು, ತಾರಾಕ್ಕೆ ಇಡೀ ದಾರಿಯನ್ನೇ ಬದಲಿಸಬೇಕಿತ್ತು. ಉಳಿಸುವ ಖರ್ಚು ಕಡಿಮೆ ಇದ್ದಲ್ಲಿ ಕತೆ ಗೆಲ್ಲುತ್ತದೆ, ಹೆಚ್ಚಿದ್ದಲ್ಲಿ ಸೋಲುತ್ತದೆ. ಕಹಿಯಾದರೂ ನನಗೆ ಕಂಡದ್ದು ಇದು. ಹಾಗೆ ನೋಡಿದರೆ ನಮ್ಮೂರ ಗೂಡು ಉಳಿಯಲು ಯಾವ ಖರ್ಚೂ ಇರಲಿಲ್ಲ. ಮೋರಿಗೆ ಸಿಮೆಂಟಿನ ಚಪ್ಪಡಿ ತರಿಸಿದ್ದರೆ ಒಂದು ಟ್ರ್ಯಾಕ್ಟರ್ ಬಾಡಿಗೆ, ಒಂದು ದಿನ ತಡ. ಗುತ್ತಿಗೆದಾರರು ಬೈಯುತ್ತಿದ್ದರೇನೋ. ಹೊಸ ಕೆಲಸ, ಬೈಸಿಕೊಳ್ಳುವುದು ಬೇಡವಾಗಿತ್ತು. ಕೆಲಸ ಹುಡುಕುತ್ತಿರುವ, ಈಗಷ್ಟೇ ಸೇರಿರುವ ಗೆಳೆಯರಿಗೆ ಆ ಒಂದು ಕ್ಷಣ ಗೊತ್ತಿರುತ್ತದೆ. ಎಲ್ಲರೂ ನಿಮ್ಮ ಮುಖ ನೋಡುತ್ತಿರುತ್ತಾರೆ, ನೀವು ಬೇಗ ಏನಾದರೊಂದು ಹೇಳಬೇಕು.

ಕೊನೆಗೆ ಒಂದು ಕಾಕತಾಳೀಯ. ಸುರಪುರದವರಿಗೆ ಟೇಲರ್ ಮಂಜಿಲ್ ಗೊತ್ತಲ್ಲ, ಅದನ್ನು ಕಟ್ಟಿಸಿದ ಮೆಡೋಸ್ ಟೇಲರ್ ಸಾಹೇಬ ಸುರಪುರ ಸಂಸ್ಥಾನದ ಉಸ್ತುವಾರಿ ನೋಡುತ್ತಿದ್ದಾಗ ನಮ್ಮ ಕಡೆಯ ಈ ಕಲ್ಲುಗೂಡುಗಳನ್ನು, ಶಹಾಪುರ ಹತ್ತಿರದ ವಿಭೂತಿಹಳ್ಳಿಯ ಸಾಲುಗಲ್ಲುಗಳನ್ನು ಅಳೆದು ಚಿತ್ರ ಬರೆದುಕೊಂಡ. ನಿವೃತ್ತನಾಗಿ ನೆಲೆಸಿದ್ದು ಡಬ್ಲಿನ್‌ನಲ್ಲಿ. 1860ರ ದಶಕದಲ್ಲಿ ಅವನ ಲೇಖನ ಪ್ರಕಟವಾದದ್ದು ಇಲ್ಲಿಯ ರಾಯಲ್ ಐರಿಷ್ ಅಕಾಡೆಮಿಯ ಸಂಪುಟದಲ್ಲಿ. ಇಲ್ಲಿಯ ಕಲ್ಲುಗೂಡುಗಳಿಗೆ ಡೀರ್ಮಿಡ್ ಮತ್ತು ಗ್ರಾನ್ಯ ಎಂಬ ಓಡಿಹೋದ ಪ್ರೇಮಿಗಳ ಹಾಸಿಗೆ ಎಂದು ಹೆಸರು, ನಮ್ಮಲ್ಲಿ ಮೋರ್ಯರ ಮನೆ. ಒಂದೇ ಬಗೆಯ ರಚನೆ ಎಂದು ಅವನಿಗೆ ಕಂಡಿತು. ಅದರಿಂದ ಅವನು ತೆಗೆದ ತೀರ್ಮಾನ, ಎರಡೂ ಕಡೆ ಒಂದೇ ಜನಾಂಗದವರು ಕಟ್ಟಿದ್ದು ಎಂಬುದು, ಇವತ್ತು ನಿಲ್ಲುವುದಿಲ್ಲ. ಅಳತೆ ಮಾತ್ರ ನಿಲ್ಲುತ್ತದೆ. ಆ ಸಂಪುಟವನ್ನು ಗ್ರಂಥಾಲಯದಲ್ಲಿ ತೆಗೆಸಿ ನೋಡಿದೆ. ನಮ್ಮೂರ ಹೆಸರು ಇಲ್ಲ. ಇದ್ದಿದ್ದರೆ ಎಂದು ಆಸೆಯಿತ್ತು.

ಆ ರಾತ್ರಿ ಊರಿಗೆ ಫೋನ್ ಮಾಡಿದೆ. ಮುತ್ಯಾನಿಗೆ ಕಿವಿ ಮಂದವಾಗಿದೆ, ಜೋರಾಗಿ ಮಾತಾಡಬೇಕು. ರೆಕಾರ್ಡ್ ಹಾಕಿಕೊಂಡೆ. ಮೋರ್ಯರ ಕತೆ ಮೊದಲಿಂದ ಹೇಳು ಎಂದೆ. ‘ಈಗ್ಯಾಕಪಾ ಅದು’ ಎಂದ, ಆದರೂ ಹೇಳಿದ. ಅರ್ಧ ಗಂಟೆ ಹೇಳಿದ. ಅವನ ಅಪ್ಪ ಹೇಳಿದ್ದು, ಅವನ ಅಪ್ಪನಿಗೆ ದನ ಕಾಯುವ ಮುದುಕ ಹೇಳಿದ್ದು. ನಾನು ಕೇಳದೇ ಇದ್ದ ಎಷ್ಟೋ ಸಂಗತಿಗಳು ಅದರಲ್ಲಿದ್ದವು. ಕೊನೆಗೆ ನ್ಯೂಗ್ರೇಂಜ್ ನೆನಪಾಗಿ ಕೇಳಿದೆ, ‘ಮುತ್ಯಾ, ಮನಿ ಬಾಗಲ ಯಾವ ದಿಕ್ಕಿಗಿತ್ತು?’

ಸ್ವಲ್ಪ ಹೊತ್ತು ಸುಮ್ಮನಿದ್ದ. ‘ನೀನs ನಿಂತು ಎತ್ತಿಸಿದೆಲ್ಲೋ. ನಿನಗs ಗೊತ್ತಿರಬೇಕು’ ಎಂದ.

ನಾನು ನೋಡಿರಲಿಲ್ಲ.